ತಪ್ಪು ಊಹೆಗೆ ಜಾಗ ಕೊಡುವ ಜಾಲತಾಣಗಳು: ಕುಮಟೆಯ ಒಂದು ವಿಜ್ಞಾನ ತರಗತಿಯಿಂದ

ಯಾರಾದರೂ ಹೊಸ ಶೈಕ್ಷಣಿಕ ಜಾಲತಾಣವನ್ನೋ ಆ್ಯಪನ್ನೋ ತೋರಿಸಿದಾಗ ನಾನು ಕೇಳುವ ಮೊದಲ ಪ್ರಶ್ನೆ ಇದು: ಇದರೊಳಗೆ ಮಗುವಿಗೆ ತಪ್ಪು ಊಹೆ ಮಾಡಲು ಜಾಗವಿದೆಯೇ? ಊಹೆ ತಪ್ಪಾದರೆ ಏನಾಗುತ್ತದೆಂದು ಮಗು ತನ್ನ ಕಣ್ಣಿನಿಂದಲೇ ಕಾಣುತ್ತದೆಯೇ? ಎರಡಕ್ಕೂ ಹೌದು ಎನ್ನುವ ಸಾಧನಗಳು ಬಹಳ ಕಡಿಮೆ. ಸಿಕ್ಕ ಕೆಲವನ್ನು ನನ್ನ ಪ್ರೌಢಶಾಲೆಯ ತರಗತಿಗಳಲ್ಲಿ ವರ್ಷಗಳಿಂದ ಬಳಸುತ್ತಿದ್ದೇನೆ. ಕರಾವಳಿಯ, ಘಟ್ಟದ ಮೇಲಿನ ಶಿಕ್ಷಕರಿಗೂ ಪಾಲಕರಿಗೂ ಉಪಯೋಗವಾಗಲಿ ಎಂದು ಅವುಗಳ ಬಗ್ಗೆ ಬರೆಯುತ್ತಿದ್ದೇನೆ.

ನಮ್ಮ ಶಾಲೆ ಅಘನಾಶಿನಿ ಹೊಳೆಯ ದಡದಿಂದ ದೂರವಿಲ್ಲ. ಮಕ್ಕಳಲ್ಲಿ ಮೀನುಗಾರರ ಮನೆಯವರಿದ್ದಾರೆ, ಗಜನಿ ಎನ್ನುವ ಉಪ್ಪುನೀರಿನ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆಯುವವರ ಮನೆಯವರಿದ್ದಾರೆ, ಇಳಿತದ ಹೊತ್ತಿಗೆ ಹೊಳೆಗಿಳಿದು ಬಳಚು (ಚಿಪ್ಪುಮೀನು) ಆಯುವ ತಾಯಂದಿರ ಮಕ್ಕಳಿದ್ದಾರೆ. ಜೂನ್ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಕರೆಂಟನ್ನು ನಂಬುವಂತಿಲ್ಲ. ಗಾಳಿಮಳೆಗೆ ಮರ ಬಿದ್ದು ತಂತಿ ಹರಿದರೆ ಎರಡು ಮೂರು ದಿನ ಕತ್ತಲೆ. ಸಿಗ್ನಲ್ ಶಾಲೆಯ ಗೇಟಿನ ಬಳಿ ಬರುತ್ತದೆ, ಕಂಪ್ಯೂಟರ್ ಕೊಠಡಿಯೊಳಗೆ ಬರುವುದಿಲ್ಲ. ಆದ್ದರಿಂದ ನನ್ನ ಎರಡನೆಯ ಪ್ರಶ್ನೆ ಅಂತರ್ಜಾಲ ಇಲ್ಲದಿದ್ದರೂ ಇದು ಓಡುತ್ತದೆಯೇ ಎಂಬುದು. ಇದಕ್ಕೆ ಇಲ್ಲ ಎನ್ನುವ ಸಾಧನ ಬೆಂಗಳೂರಿಗೆ ಎಷ್ಟೇ ಒಳ್ಳೆಯದಿರಲಿ, ಶಿರಸಿ, ಸಿದ್ದಾಪುರ, ಜೋಯಿಡಾದ ಹಳ್ಳಿಗಳಿಗೆ ಒದಗುವುದಿಲ್ಲ.

ಎರಡೂ ಪರೀಕ್ಷೆಗಳಲ್ಲಿ ಪೂರ್ಣ ಅಂಕ ಪಡೆಯುವುದು ಫೆಟ್ (PhET), ಪರದೆಯ ಮೇಲೆ ಮಾಡಿ ನೋಡುವ ವಿಜ್ಞಾನ ಪ್ರಯೋಗಗಳ ಜಾಲತಾಣ. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಬೌಲ್ಡರ್ ಕೇಂದ್ರದಲ್ಲಿ ಇದನ್ನು 2002ರಲ್ಲಿ ಆರಂಭಿಸಿದವರು ಕಾರ್ಲ್ ವೀಮನ್. ಅದರ ಹಿಂದಿನ ವರ್ಷವಷ್ಟೇ ಭೌತವಿಜ್ಞಾನದ ನೊಬೆಲ್ ಪಡೆದಿದ್ದ ವಿಜ್ಞಾನಿ ಶಾಲಾ ಮಕ್ಕಳು ಆಡಿ ಕಲಿಯುವ ಪ್ರಯೋಗಗಳಿಗಾಗಿ ಇಷ್ಟು ಶ್ರಮಪಟ್ಟರೆಂಬುದೇ ನನಗೆ ಗೌರವ ಹುಟ್ಟಿಸುವ ಸಂಗತಿ. ಭೌತವಿಜ್ಞಾನದಿಂದ ಶುರುವಾದ ತಾಣದಲ್ಲಿ ಈಗ ರಸಾಯನವಿಜ್ಞಾನ, ಗಣಿತ, ಜೀವವಿಜ್ಞಾನ, ಭೂವಿಜ್ಞಾನಗಳೂ ಇವೆ. ದುಡ್ಡು ಕೊಡಬೇಕಾಗಿಲ್ಲ, ನೋಂದಣಿಯ ಕಾಟವಿಲ್ಲ. ಪ್ರತಿಯೊಂದು ಪ್ರಯೋಗವೂ ಒಂದೇ ಒಂದು ಕಡತವಾಗಿ ಇಳಿಯುತ್ತದೆ, ಗಾತ್ರ ಕೆಲವೇ ಎಂಬಿ. ಪೆನ್ ಡ್ರೈವಿಗೆ ಹಾಕಿಕೊಂಡು ಹೋಗಿ ಹಳೆಯ ಕಂಪ್ಯೂಟರಿನ ಬ್ರೌಸರಿನಲ್ಲೂ ತೆರೆಯಬಹುದು, ಮೊಬೈಲಿನಲ್ಲೂ ತೆರೆಯಬಹುದು. ಮೇ ತಿಂಗಳ ರಜೆಯಲ್ಲಿ ಪೇಟೆಯ ಒಳ್ಳೆಯ ಸಂಪರ್ಕದಲ್ಲಿ ಕುಳಿತು ವರ್ಷಕ್ಕೆ ಬೇಕಾದುದನ್ನೆಲ್ಲ ಇಳಿಸಿಕೊಂಡುಬಿಟ್ಟರೆ ಮಳೆಗಾಲದ ಚಿಂತೆ ಇರುವುದಿಲ್ಲ.

ಹತ್ತನೆಯ ತರಗತಿಯ ಆಮ್ಲ, ಪ್ರತ್ಯಾಮ್ಲ, ಲವಣಗಳ ಪಾಠಕ್ಕೆ ನಾನು ಬಳಸುವುದು ಫೆಟ್‌ನ ಪಿಎಚ್ ಮಾಪಕ. ದ್ರವ ಎಷ್ಟು ಆಮ್ಲೀಯ ಎಂಬುದನ್ನು ಅದು ಅಂಕಿಯಲ್ಲಿ ತೋರಿಸುತ್ತದೆ: ಏಳಕ್ಕಿಂತ ಕಡಿಮೆಯಾದರೆ ಆಮ್ಲ, ಹೆಚ್ಚಾದರೆ ಪ್ರತ್ಯಾಮ್ಲ. ಪರದೆಯ ಮೇಲೊಂದು ದೊಡ್ಡ ಪಾತ್ರೆ, ಮೇಲೆ ದ್ರವ ಸುರಿಯುವ ಡ್ರಾಪರ್, ಒಂದು ಬದಿಗೆ ನೀರಿನ ನಲ್ಲಿ, ಕೆಳಗೆ ಹೊರಬಿಡುವ ನಲ್ಲಿ. ಹಾಲು, ಕಾಫಿ, ಕಿತ್ತಳೆ ರಸ, ಸಾಬೂನು, ಬ್ಯಾಟರಿಯ ಆಮ್ಲ, ರಕ್ತ, ಎಂಜಲು, ವಾಂತಿಯವರೆಗೆ ಬೇಕಾದುದನ್ನು ಆರಿಸಿ ಪಾತ್ರೆಗೆ ತುಂಬಿಸಬಹುದು. ವಾಂತಿಯ ಹೆಸರು ಕಂಡಾಗ ತರಗತಿಯಲ್ಲಿ ಏಳುವ ನಗು ತಣ್ಣಗಾಗುವವರೆಗೆ ಕಾಯಬೇಕು. ಆ ನಗು ಒಳ್ಳೆಯದೇ. ಹೊಟ್ಟೆಯಲ್ಲಿ ಆಮ್ಲವಿದೆ ಎಂಬ ಪಾಠ ಆಮೇಲೆ ಯಾರಿಗೂ ಮರೆಯುವುದಿಲ್ಲ.

ನಿಜವಾದ ಪಾಠ ಶುರುವಾಗುವುದು ನೀರಿನ ನಲ್ಲಿ ತಿರುಗಿಸಿದಾಗ. ಬ್ಯಾಟರಿಯ ಆಮ್ಲಕ್ಕೆ ನೀರು ಸುರಿಯುತ್ತ ಹೋದರೆ ಏನಾಗುತ್ತದೆ ಎಂದು ಮೊದಲೇ ಕೇಳಿ ಎಲ್ಲರ ಉತ್ತರವನ್ನೂ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಬರೆಸುತ್ತೇನೆ. ತರಗತಿಯ ದೊಡ್ಡ ಪಾಲು ಪ್ರತಿ ವರ್ಷವೂ ಒಂದೇ ಉತ್ತರ ಬರೆಯುತ್ತದೆ: ಸಾಕಷ್ಟು ನೀರು ಹಾಕಿದರೆ ಅದು ಪ್ರತ್ಯಾಮ್ಲವಾಗುತ್ತದೆ. ಒಂದು ಕಡೆಯಿಂದ ಹೊರಟ ಸಂಖ್ಯೆ ಏರುತ್ತಿದ್ದರೆ ಏಳನ್ನು ದಾಟಿಯೂ ಏರಲೇಬೇಕು ಎಂಬುದು ಅವರ ತರ್ಕ. ಆಮೇಲೆ ಒಬ್ಬೊಬ್ಬರನ್ನೇ ಮೌಸಿನ ಬಳಿಗೆ ಕರೆಯುತ್ತೇನೆ. ನೀರು ಬೀಳುತ್ತದೆ, ಪಾತ್ರೆ ತುಂಬುತ್ತದೆ, ಅರ್ಧ ಹೊರಬಿಟ್ಟು ಮತ್ತೆ ತುಂಬುತ್ತಾರೆ. ಅಂಕಿ ಎರಡಾಗುತ್ತದೆ, ಮೂರಾಗುತ್ತದೆ, ಮೇಲೇರಿದಂತೆ ನಿಧಾನವಾಗುತ್ತದೆ, ಏಳರ ಹತ್ತಿರ ಹೋಗಿ ಅಲ್ಲೇ ನಿಂತುಬಿಡುತ್ತದೆ. ಎಷ್ಟು ನೀರು ಸುರಿದರೂ ಅದನ್ನು ದಾಟುವುದಿಲ್ಲ. ಒಮ್ಮೆ ಒಬ್ಬ ಹುಡುಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡೇ ನಿಂತಿದ್ದು, ಕೊನೆಗೆ ತಿರುಗಿ, "ಅಕ್ಕೋರೇ, ನೀರಿನದ್ದೇ ಏಳು. ಅದು ತನ್ನಷ್ಟಕ್ಕೆ ತಾನೇ ತನ್ನನ್ನು ಹೇಗೆ ದಾಟುತ್ತದೆ?" ಎಂದಳು. ಪಠ್ಯಪುಸ್ತಕದ ಎರಡು ಪುಟ ವಿವರಿಸಿದ್ದರೂ ಆ ಮಾತು ಅವಳ ಬಾಯಿಯಿಂದ ಬರುತ್ತಿರಲಿಲ್ಲ. ಹತ್ತು ಪಟ್ಟು ತೆಳುವಾಗಿಸಿದರೆ ಅಂಕಿ ಒಂದೇ ಒಂದು ಏರುವುದೇಕೆ ಎಂಬ ಮುಂದಿನ ಪ್ರಶ್ನೆಗೂ ಅಲ್ಲಿಂದಲೇ ದಾರಿ ತೆರೆಯಿತು.

ಫೆಟ್‌ನ ದ್ರವಗಳ ಪಟ್ಟಿಯಲ್ಲಿ ಮುರುಗಲು (ಪುನರ್ಪುಳಿ, ಕೋಕಂ) ಇಲ್ಲ. ನಮ್ಮ ಊರಿನ ಮಕ್ಕಳಿಗೆ ಹುಳಿಯೆಂದರೆ ಮೊದಲು ನೆನಪಾಗುವುದು ಅದೇ. ಹಾಗಾಗಿ ಮರುದಿನ ಒಣಗಿದ ಮುರುಗಲು ಸಿಪ್ಪೆಯನ್ನು ನೀರಿನಲ್ಲಿ ನೆನೆಸಿಟ್ಟು ತರುತ್ತೇನೆ. ಅದರ ಕೆಂಪಿಗೆ ಕಾರಣವಾದ ಬಣ್ಣ ಆಂಥೋಸಯಾನಿನ್ ಗುಂಪಿನದು, ಆಮ್ಲೀಯತೆ ಬದಲಾದರೆ ಬಣ್ಣವೂ ಬದಲಾಗುತ್ತದೆ. ಗಾಜಿನ ಲೋಟಕ್ಕೆ ಅಡುಗೆ ಸೋಡಾ ಚಿಟಿಕೆ ಚಿಟಿಕೆಯಾಗಿ ಹಾಕಿದಾಗ ಕೆಂಪು ಮಾಸಿ ನೇರಳೆಯ ಕಡೆಗೆ ತಿರುಗುವುದನ್ನು ಮಕ್ಕಳು ನೋಡುತ್ತಾರೆ. ಪರದೆಯ ಮೇಲೆ ಕಂಡ ಅಂಕಿ ಹೀಗೆ ಮನೆಯ ಲೋಟದೊಳಗೆ ಬಣ್ಣವಾಗಿ ಕಾಣಿಸಿಕೊಂಡಾಗ ಮಾತ್ರ ಪಾಠ ಮುಗಿಯಿತೆಂದು ನಾನು ಎಣಿಸುತ್ತೇನೆ. ಫೆಟ್ ಒಂದನ್ನೇ ತೋರಿಸಿ ಬಿಟ್ಟುಬಿಡುವ ಶಿಕ್ಷಕರಿಗೆ ನಾನು ಹೇಳುವುದೂ ಇದನ್ನೇ. ಅದು ಪ್ರಯೋಗಾಲಯದ ಬದಲಿಗೆ ಬಂದದ್ದಲ್ಲ. ಪ್ರಯೋಗಾಲಯದಲ್ಲಿ ಏನನ್ನು ಹುಡುಕಬೇಕೆಂದು ಮಗುವಿಗೆ ಮೊದಲೇ ತಿಳಿಸುವ ಸಾಧನ.

ವಿದ್ಯುತ್ ಮಂಡಲದ ಪೆಟ್ಟಿಗೆಯೂ ಅಷ್ಟೇ ಬೆಲೆಯುಳ್ಳದ್ದು. ಬ್ಯಾಟರಿ, ಬಲ್ಬು, ತಂತಿ, ಸ್ವಿಚ್ಚುಗಳನ್ನು ಎಳೆದು ತಂದು ಜೋಡಿಸಬೇಕು. ತಂತಿಯೊಳಗೆ ಎಲೆಕ್ಟ್ರಾನುಗಳು ಸಾಗುವುದು ಕಾಣುತ್ತದೆ. ಮಕ್ಕಳ ಮನಸ್ಸಿನಲ್ಲಿ ಗಟ್ಟಿಯಾಗಿ ಕುಳಿತಿರುವ ನಂಬಿಕೆಯೊಂದಿದೆ: ಬಲ್ಬು ಕರೆಂಟನ್ನು ತಿಂದುಬಿಡುತ್ತದೆ, ಆದ್ದರಿಂದ ಬಲ್ಬು ದಾಟಿದ ಮೇಲೆ ಕಡಿಮೆ ಉಳಿಯುತ್ತದೆ. ಬಲ್ಬಿನ ಹಿಂದೊಂದು, ಮುಂದೊಂದು ಕರೆಂಟನ್ನು ಅಳೆಯುವ ಆಮೀಟರ್ ಇಟ್ಟು ಎರಡರಲ್ಲೂ ಒಂದೇ ಅಂಕಿ ಕಂಡಾಗ ಅವರು ಆಮೀಟರ್ ಕೆಟ್ಟಿದೆಯೇ ಎಂದು ಅನುಮಾನಿಸುತ್ತಾರೆ, ಸ್ಥಾನ ಅದಲುಬದಲು ಮಾಡಿ ನೋಡುತ್ತಾರೆ. ಅನುಮಾನಿಸಿ ಮತ್ತೆ ಅಳೆಯುವ ಈ ಗುಣ ಬೆಳೆಯಲಿ ಎಂದೇ ಅಲ್ಲವೇ ನಾವು ವಿಜ್ಞಾನ ಕಲಿಸುವುದು? ಬ್ಯಾಟರಿಯ ಎರಡು ತುದಿಗಳನ್ನು ನೇರವಾಗಿ ತಂತಿಯಿಂದ ಜೋಡಿಸಿದರೆ ಪರದೆಯ ಮೇಲೆ ಬೆಂಕಿ ಏಳುತ್ತದೆ. ಶಾರ್ಟ್ ಸರ್ಕಿಟ್ ಎಂದರೇನು ಎಂದು ಬೆರಳು ಸುಟ್ಟುಕೊಳ್ಳದೆ ಕಲಿಯುವ ದಾರಿ ಇದು.

ತೇಲುವಿಕೆಯ ಪ್ರಯೋಗದಲ್ಲಿ ನಮ್ಮ ಮಕ್ಕಳು ನನಗಿಂತ ಮುಂದಿದ್ದಾರೆ. ಅದರಲ್ಲಿ ದ್ರವವನ್ನು ಬದಲಿಸಬಹುದು: ನೀರು, ಸಮುದ್ರದ ನೀರು, ಎಣ್ಣೆ, ಜೇನು, ಪಾದರಸ. ನೀರಿನಿಂದ ಸಮುದ್ರದ ನೀರಿಗೆ ಬದಲಿಸಿದಾಗ ಮರದ ತುಂಡು ಕೂದಲೆಳೆಯಷ್ಟು ಮೇಲೇಳುತ್ತದೆ. ಪೇಟೆಯ ಮಗು ಇದನ್ನು ಗಮನಿಸದೆಯೂ ಹೋಗಬಹುದು. ಮೀನುಗಾರರ ಮನೆಯ ಹುಡುಗನೊಬ್ಬ ತಕ್ಷಣ ಎದ್ದು ನಿಂತು, ಮಳೆಗಾಲದಲ್ಲಿ ಅಳಿವೆಯ ನೀರು ಸಿಹಿಯಾದಾಗ ಅದೇ ಹೊರೆಗೆ ದೋಣಿ ಒಂದಿಷ್ಟು ಹೆಚ್ಚು ಮುಳುಗುತ್ತದೆಂದು ಅಜ್ಜ ಹೇಳುತ್ತಾರೆ ಎಂದ. ಸಿಹಿನೀರು ಘನ ಮೀಟರಿಗೆ 1000 ಕಿಲೋ, ಸಮುದ್ರದ ನೀರು ಸುಮಾರು 1025 ಕಿಲೋ. ಅಜ್ಜನ ಮಾತಿನ ಹಿಂದಿನ ಲೆಕ್ಕವನ್ನು ಅವನೇ ಹಲಗೆಯ ಮೇಲೆ ಮಾಡಿದ. ಆಮೇಲೆ ಸಾಣಿಕಟ್ಟಾದ ಉಪ್ಪನ್ನು ನೀರಿಗೆ ಕರಗಿಸಿ ಮೊಟ್ಟೆ ತೇಲಿಸಿದೆವು.

ಫೆಟ್‌ಗೆ ಕೊರತೆಗಳಿಲ್ಲವೆಂದಲ್ಲ. ಕನ್ನಡಕ್ಕೆ ಅನುವಾದವಾದ ಪ್ರಯೋಗಗಳಿವೆ, ಎಲ್ಲವೂ ಬಂದಿಲ್ಲ. ಅನುವಾದ ಮಾಡುವವರು ಸ್ವಯಂಸೇವಕರು, ಯಾವ ಶಿಕ್ಷಕರಾದರೂ ಈ ಕೆಲಸಕ್ಕೆ ಕೈ ಜೋಡಿಸಬಹುದು. ನಮ್ಮ ಜಿಲ್ಲೆಯಲ್ಲಿ ಬರವಣಿಗೆಯ ಹುಮ್ಮಸ್ಸಿರುವ ಮಾಸ್ತರರು, ಅಕ್ಕೋರುಗಳು ಎಷ್ಟು ಮಂದಿ ಇದ್ದಾರೆಂದು ನನಗೆ ಗೊತ್ತು. ಒಂದೊಂದು ಶಾಲೆ ಒಂದೊಂದು ಪ್ರಯೋಗವನ್ನು ವಹಿಸಿಕೊಂಡರೂ ಸಾಕು. ಇನ್ನೊಂದು ತೊಂದರೆ, ಚಿಕ್ಕ ಮೊಬೈಲಿನ ಪರದೆಯಲ್ಲಿ ತಂತಿಯ ತುದಿಗಳನ್ನು ಬೆರಳಿನಿಂದ ಹಿಡಿಯುವುದು ಕಷ್ಟ. ಮೌಸ್ ಇದ್ದರೇ ಹಿತ.

ಇನ್ನು ಫೈಫಾಕ್ಸ್ (phyphox). ಜರ್ಮನಿಯ ಆಖೆನ್ ತಾಂತ್ರಿಕ ವಿಶ್ವವಿದ್ಯಾಲಯದವರು 2016ರಲ್ಲಿ ಬಿಡುಗಡೆ ಮಾಡಿದ ಉಚಿತ ಆ್ಯಪ್. ಮೊಬೈಲಿನೊಳಗೆ ಮೊದಲೇ ಇರುವ ಸಂವೇದಕಗಳನ್ನು ಇದು ಅಳತೆಯ ಉಪಕರಣಗಳನ್ನಾಗಿಸುತ್ತದೆ. ವೇಗೋತ್ಕರ್ಷ, ಕಾಂತಕ್ಷೇತ್ರ, ಶಬ್ದ, ಬೆಳಕು, ಕೆಲವು ಮೊಬೈಲುಗಳಲ್ಲಿ ವಾಯುಭಾರ. ನಾನು ಇದನ್ನು ಇಂಗ್ಲಿಷಿನಲ್ಲೇ ಬಳಸುತ್ತೇನೆ. ಪ್ರಯೋಗಾಲಯಕ್ಕೆ ಅನುದಾನವಿಲ್ಲ ಎಂದು ಕೊರಗುವ ಶಾಲೆಗಳಿಗೆ ಇದಕ್ಕಿಂತ ದೊಡ್ಡ ಉಪಕಾರ ಯಾರೂ ಮಾಡಿಲ್ಲವೆಂದೇ ನನ್ನ ಅಭಿಪ್ರಾಯ.

ಶಬ್ದದ ವೇಗವನ್ನು ಅಳೆಯುವ ಪ್ರಯೋಗವನ್ನು ಪೂರ್ತಿಯಾಗಿ ಹೇಳುತ್ತೇನೆ, ನಾಳೆಯೇ ಮಾಡಬಹುದು. ಎರಡು ಮೊಬೈಲುಗಳಲ್ಲಿ ಶಬ್ದದಿಂದ ನಡೆಯುವ ನಿಲುಗಡಿಯಾರವನ್ನು ತೆರೆಯಿರಿ. ಶಾಲೆಯ ಜಗುಲಿಯಲ್ಲಿ ಹತ್ತು ಮೀಟರ್ ಅಳೆದು ಎರಡು ತುದಿಗಳಲ್ಲಿ ಇಡಿ. ಮೊದಲ ಮೊಬೈಲಿನ ಬಳಿ ಒಬ್ಬರು ಒಮ್ಮೆ ಚಪ್ಪಾಳೆ ತಟ್ಟಬೇಕು. ಹತ್ತಿರದ ಗಡಿಯಾರ ತಕ್ಷಣ ಓಡಲು ಶುರುಮಾಡುತ್ತದೆ, ದೂರದ್ದು ಶಬ್ದ ಅಲ್ಲಿಗೆ ತಲುಪಿದ ಮೇಲೆ. ಸ್ವಲ್ಪ ಹೊತ್ತಿನ ನಂತರ ಎರಡನೆಯ ಮೊಬೈಲಿನ ಬಳಿ ಇನ್ನೊಬ್ಬರು ತಟ್ಟಬೇಕು. ಈಗ ಅದು ಮೊದಲು ನಿಲ್ಲುತ್ತದೆ, ಮೊದಲನೆಯದು ತಡವಾಗಿ. ಎರಡು ಗಡಿಯಾರಗಳ ವ್ಯತ್ಯಾಸವು ಶಬ್ದ ಆ ಅಂತರವನ್ನು ಎರಡು ಸಲ ದಾಟಲು ತೆಗೆದುಕೊಂಡ ಸಮಯ. ಇಪ್ಪತ್ತು ಮೀಟರನ್ನು ಆ ವ್ಯತ್ಯಾಸದಿಂದ ಭಾಗಿಸಿದರೆ ಶಬ್ದದ ವೇಗ. ನಮ್ಮ ಕರಾವಳಿಯ ಸೆಖೆಯಲ್ಲಿ ಸೆಕೆಂಡಿಗೆ 350 ಮೀಟರಿನ ಆಸುಪಾಸು ಬರಬೇಕು, ವ್ಯತ್ಯಾಸ 0.06 ಸೆಕೆಂಡಿಗೆ ಹತ್ತಿರ. ಮಕ್ಕಳು ಮೊದಲು ಮಾಡುವ ಊಹೆ ಏನೆಂದರೆ, ಚಪ್ಪಾಳೆ ಜೋರಾಗಿ ತಟ್ಟಿದರೆ ಶಬ್ದ ಬೇಗ ತಲುಪುತ್ತದೆ. ಮೆಲ್ಲಗೂ ಜೋರಾಗಿಯೂ ತಟ್ಟಿಸಿ ಅವರೇ ಪರೀಕ್ಷಿಸಲಿ. ಒಂದು ಎಚ್ಚರಿಕೆ: ಮಳೆ ಹಂಚಿನ ಮೇಲೆ ಬೀಳುವಾಗ ಆ ಸದ್ದಿಗೇ ಗಡಿಯಾರ ಓಡತೊಡಗುತ್ತದೆ. ಎಷ್ಟು ಜೋರಿನ ಶಬ್ದಕ್ಕೆ ಅದು ಎಚ್ಚರಗೊಳ್ಳಬೇಕೆಂಬ ಮಿತಿಯನ್ನು ಆ್ಯಪಿನಲ್ಲಿಯೇ ಏರಿಸಿಕೊಳ್ಳಬೇಕು. ಆಷಾಢದ ಮಳೆಯಾದರೆ ಪ್ರಯೋಗವನ್ನೇ ಮುಂದೂಡುವುದು ಲೇಸು.

ವಾಯುಭಾರದ ಸಂವೇದಕ ಅಗ್ಗದ ಮೊಬೈಲುಗಳಲ್ಲಿ ಇರುವುದು ಅಪರೂಪ. ನನ್ನ ಸಹೋದ್ಯೋಗಿಯೊಬ್ಬರದ್ದರಲ್ಲಿ ಇತ್ತು. ಶಾಲಾ ಪ್ರವಾಸದ ದಿನ ಕುಮಟೆಯಿಂದ ಶಿರಸಿಗೆ ದೇವಿಮನೆ ಘಟ್ಟ ಹತ್ತುವಾಗ ಬಸ್ಸಿನಲ್ಲಿ ಅದನ್ನು ಓಡಿಸಿಟ್ಟೆವು. ಸಮುದ್ರಮಟ್ಟದಲ್ಲಿ 1010 ಹೆಕ್ಟೋಪ್ಯಾಸ್ಕಲ್‌ಗೆ ಹತ್ತಿರವಿದ್ದ ಒತ್ತಡ ತಿರುವಿನಿಂದ ತಿರುವಿಗೆ ಇಳಿಯುತ್ತ ಹೋಯಿತು. ಸುಮಾರು 600 ಮೀಟರ್ ಎತ್ತರದ ಶಿರಸಿ ಮುಟ್ಟುವಾಗ ಅರವತ್ತಕ್ಕೂ ಮೇಲ್ಪಟ್ಟು ಕುಸಿದಿತ್ತು. ಘಟ್ಟ ಹತ್ತುವಾಗ ಕಿವಿ ಮುಚ್ಚಿದಂತಾಗುವುದು ನಮ್ಮ ಮಕ್ಕಳೆಲ್ಲರ ಅನುಭವ. ಆ ದಿನ ಅದರ ಕಾರಣ ಒಂದು ರೇಖೆಯಾಗಿ ಅವರ ಕೈಯಲ್ಲಿತ್ತು. ಶಿರಸಿಯ ಶಿಕ್ಷಕರು ಇಳಿಯುವಾಗ ಇದನ್ನೇ ಮಾಡಿ ನೋಡಬಹುದು. ರೇಖೆ ಉಲ್ಟಾ ಬರುತ್ತದೆ.

ಪರದೆಯ ಮೇಲೆ ರೇಖಾಗಣಿತದ ಚಿತ್ರಗಳನ್ನು ಎಳೆದಾಡಿಸಿ ನೋಡುವ ಜಿಯೋಜೀಬ್ರಾ (GeoGebra) ತಂತ್ರಾಂಶ ಗಣಿತದವರಿಗೆ ಗೊತ್ತಿರುವಂಥದ್ದೇ. 2001ರಲ್ಲಿ ಆಸ್ಟ್ರಿಯಾದ ಸಾಲ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಮಾರ್ಕಸ್ ಹೋಹೆನ್‌ವಾರ್ಟರ್ ಇದನ್ನು ರೂಪಿಸತೊಡಗಿದರು. ವೃತ್ತದ ಮೇಲಿನ ಬಿಂದುವನ್ನು ಎಳೆದಂತೆಲ್ಲ ಅರ್ಧವೃತ್ತದ ಕೋನ 90 ಡಿಗ್ರಿಯಲ್ಲೇ ಉಳಿಯುವುದನ್ನು ಕಂಡ ಮಗು ಪ್ರಮೇಯದ ಸಾಧನೆಯನ್ನು ತಾನಾಗಿ ಕೇಳುತ್ತದೆ. ಗಣಿತ ನನ್ನ ವಿಷಯವಲ್ಲ, ಹೆಚ್ಚು ಹೇಳುವುದನ್ನು ಗಣಿತದ ಶಿಕ್ಷಕರಿಗೆ ಬಿಡುತ್ತೇನೆ.

ಸ್ಟೆಲೇರಿಯಂ ಆಕಾಶವನ್ನು ತೋರಿಸುವ ಉಚಿತ ತಂತ್ರಾಂಶ. ಒಮ್ಮೆ ಕಂಪ್ಯೂಟರಿನಲ್ಲಿ ಅಳವಡಿಸಿದರೆ ಸಂಪರ್ಕ ಬೇಕಿಲ್ಲ. ನಾಲ್ಕು ತಿಂಗಳು ಮೋಡ ಮುಚ್ಚಿಕೊಂಡೇ ಇರುವ ನಮ್ಮ ಕರಾವಳಿಗೆ ಇದು ಬಹಳ ಬೇಕಾದದ್ದು. ನೆರಳಿಲ್ಲದ ದಿನವನ್ನು ಇದರಲ್ಲಿ ಹುಡುಕಿಸುತ್ತೇನೆ. ಕುಮಟೆಯ ಸ್ಥಾನವನ್ನು ಕೊಟ್ಟು ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುವ ದಿನ ಯಾವುದು ಎಂದು ಕೇಳಿದರೆ, ಬೇಸಿಗೆಯಲ್ಲಿ ದಿನವೂ ಮಧ್ಯಾಹ್ನ ಹನ್ನೆರಡಕ್ಕೆ ಎಂದೇ ಮೊದಲ ಉತ್ತರ. ಹುಡುಕಿದಾಗ ಸಿಗುವುದು ವರ್ಷಕ್ಕೆ ಎರಡೇ ದಿನ, ಏಪ್ರಿಲ್ ಕೊನೆಗೊಂದು, ಆಗಸ್ಟ್ ಮಧ್ಯದಲ್ಲೊಂದು, ಅದೂ ಹನ್ನೆರಡೂವರೆಯ ಸುಮಾರಿಗೆ. ನಮ್ಮ ಗಡಿಯಾರ ಅನುಸರಿಸುವ ರೇಖಾಂಶ ನಮಗಿಂತ ಎಂಟು ಡಿಗ್ರಿ ಪೂರ್ವಕ್ಕಿದೆ ಎಂಬುದು ಆಗ ಅರ್ಥವಾಗುತ್ತದೆ. ಆಗಸ್ಟಿನಲ್ಲಿ ಬಿಸಿಲು ಸಿಗುವ ಭರವಸೆಯಿಲ್ಲ, ಏಪ್ರಿಲಿನಲ್ಲಿ ಶಾಲೆಗೆ ರಜೆ. ಆದ್ದರಿಂದ ರಜೆಯ ಕೆಲಸವಾಗಿ ಅಂಗಳದಲ್ಲಿ ಕೋಲು ನೆಟ್ಟು ನೋಡಲು ಹೇಳಿ ಕಳುಹಿಸುತ್ತೇನೆ.

ಕಿವಿಕ್ಸ್ (Kiwix) ಎಂಬುದರ ಹೆಸರು ನಮ್ಮ ಕಡೆ ಹೆಚ್ಚು ಜನ ಕೇಳಿಲ್ಲ. ವಿಕಿಪೀಡಿಯವನ್ನು ಇಡಿಯಾಗಿ ಇಳಿಸಿಕೊಂಡು ಅಂತರ್ಜಾಲವಿಲ್ಲದೆ ಓದಲು ಇದು ನೆರವಾಗುತ್ತದೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವೂ ಹೀಗೆ ಸಿಗುತ್ತದೆ. ಶಾಲೆಯ ಒಂದು ಕಂಪ್ಯೂಟರಿನಲ್ಲಿ ಇದನ್ನು ಹಾಕಿಟ್ಟ ಮೇಲೆ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅದರ ಮುಂದೆ ಸದಾ ಒಂದಿಬ್ಬರು ಇರುತ್ತಾರೆ. ಲೇಖನಗಳ ಗುಣಮಟ್ಟ ಒಂದೇ ಸಮನಾಗಿಲ್ಲ. ಊರಿನ ಬಗ್ಗೆ ಬರೆದುದನ್ನು ಹಿರಿಯರಲ್ಲಿ ಕೇಳಿ ಒರೆಗೆ ಹಚ್ಚಿ ಎಂದು ಮಕ್ಕಳಿಗೆ ಹೇಳುತ್ತೇನೆ.

ವಿಡಿಯೋಗಳ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. 2017ರಲ್ಲಿ ಬಂದ, ಕೇಂದ್ರ ಸರ್ಕಾರದ ದೀಕ್ಷಾ ವೇದಿಕೆ ಪಠ್ಯಪುಸ್ತಕದ ಕ್ಯೂಆರ್ ಕೋಡಿಗೇ ಪಾಠಗಳನ್ನು ಜೋಡಿಸಿದ್ದು ಒಳ್ಳೆಯ ಯೋಚನೆ. ಇಳಿಸಿಟ್ಟುಕೊಂಡು ಆಮೇಲೆ ನೋಡುವ ಸೌಕರ್ಯವೂ ಇದೆ. ಜ್ವರ ಬಂದು ಶಾಲೆ ತಪ್ಪಿಸಿಕೊಂಡ ಮಗುವಿಗೆ ನಾನೇ ಅದನ್ನು ಸೂಚಿಸುತ್ತೇನೆ. ಆದರೆ ವಿಡಿಯೋ ನೋಡುವ ಮಗು ಏನನ್ನೂ ಊಹಿಸಬೇಕಾಗಿಲ್ಲ, ಎಲ್ಲವೂ ಸರಿಯಾಗಿಯೇ ನಡೆದುಹೋಗುತ್ತದೆ. ಖಾನ್ ಅಕಾಡೆಮಿ ಎಂಬ ಉಚಿತ ಜಾಲತಾಣದ ಅಭ್ಯಾಸದ ಲೆಕ್ಕಗಳು ಈ ದೃಷ್ಟಿಯಿಂದ ಮೇಲು. ತಪ್ಪಿದಾಗ ಹಂತ ಹಂತವಾಗಿ ಸುಳಿವು ಕೊಟ್ಟು ಮತ್ತೆ ಪ್ರಯತ್ನಿಸಲು ಬಿಡುತ್ತವೆ.

ಹಣ ಕೊಟ್ಟು ಕೊಳ್ಳುವ ಆ್ಯಪುಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಬಳಚು ಆಯ್ದು ಸಂಸಾರ ನಡೆಸುವ ತಾಯಿಯೊಬ್ಬರು ಒಂದು ದಿನ ಶಾಲೆಗೆ ಬಂದು, "ಅಕ್ಕೋರೇ, ಇದರಲ್ಲಿ ಹುಡುಗಿ ನಿಜವಾಗಿ ಕಲಿಯುತ್ತಾಳೋ ಇಲ್ಲವೋ ನೀವೇ ನೋಡಿ ಹೇಳಿ" ಎಂದು ಒಂದು ಟ್ಯಾಬ್ಲೆಟನ್ನು ಮುಂದಿಟ್ಟರು. ಯಾವುದೋ ಕಂಪನಿಯವರು ಮನೆಗೆ ಬಂದು, ಇದಿಲ್ಲದಿದ್ದರೆ ಮಗಳು ಹಿಂದೆ ಬೀಳುತ್ತಾಳೆಂದು ಹೆದರಿಸಿ, ತಿಂಗಳ ಕಂತಿನ ಮೇಲೆ ಕೊಟ್ಟು ಹೋಗಿದ್ದರು. ಒಳಗಿದ್ದುದು ಚೆಂದದ ವಿಡಿಯೋಗಳು, ಅವುಗಳ ನಡುವೆ ಆಯ್ಕೆಯ ಪ್ರಶ್ನೆಗಳು. ಉತ್ತರ ತಪ್ಪಿದರೆ ಕೆಂಪು ಗುರುತು ಮೂಡಿ ಸರಿಯುತ್ತರ ಕಾಣಿಸುತ್ತಿತ್ತು, ಏಕೆ ತಪ್ಪು ಎಂಬುದಕ್ಕೆ ಒಂದು ಸಾಲೂ ಇರಲಿಲ್ಲ. ನೀರಿನಲ್ಲಿ ನಿಂತು ದುಡಿದ ಹಣ ಹೀಗೆ ಹೋಗುತ್ತಿರುವುದು ಕಂಡು ನನಗೆ ಬಹಳ ಸಿಟ್ಟು ಬಂತು. ಅದೇ ಟ್ಯಾಬ್ಲೆಟಿಗೆ ನನ್ನ ಪೆನ್ ಡ್ರೈವಿನಲ್ಲಿದ್ದ ಫೆಟ್ ಪ್ರಯೋಗಗಳನ್ನು ಹಾಕಿಕೊಟ್ಟೆ, ಫೈಫಾಕ್ಸ್ ಅಳವಡಿಸಿದೆ. ಪಾಲಕರೇ, ಮನೆಬಾಗಿಲಿಗೆ ಬಂದು ಹೆದರಿಸುವವರಿಗೆ ಸಹಿ ಹಾಕುವ ಮೊದಲು ಮಗುವಿನ ಶಾಲೆಗೆ ಬಂದು ಒಮ್ಮೆ ಕೇಳಿ. ಕೇಳಿದರೆ ಯಾವ ಶಿಕ್ಷಕರೂ ಬೇಸರಪಡುವುದಿಲ್ಲ.

ಮನೆಯಲ್ಲಿ ಒಂದೇ ಮೊಬೈಲ್ ಇದ್ದು, ಅದೂ ಸಂಜೆ ಅಪ್ಪ ಕೆಲಸದಿಂದ ಬಂದ ಮೇಲಷ್ಟೇ ಮಗುವಿನ ಕೈಗೆ ಸಿಗುವುದಾದರೆ, ಫೈಫಾಕ್ಸ್ ಮತ್ತು ಆ ತಿಂಗಳ ಪಾಠಕ್ಕೆ ಸಂಬಂಧಿಸಿದ ಒಂದೆರಡು ಫೆಟ್ ಕಡತಗಳು ಸಾಕು. ಹಂಚಿಕೊಳ್ಳಲು ಫೆಟ್‌ನ ಪರವಾನಗಿಯಲ್ಲಿ ಅಡ್ಡಿಯಿಲ್ಲ, ಮೂಲದ ಹೆಸರನ್ನು ಉಳಿಸಿದರಾಯಿತು. ನಮ್ಮ ಶಾಲೆಯ ಸುತ್ತಮುತ್ತಲಿನವರು ಯಾರೇ ಆಗಲಿ, ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಖಾಲಿ ಪೆನ್ ಡ್ರೈವ್ ಹಿಡಿದುಕೊಂಡು ಬಂದರೆ ನನ್ನಲ್ಲಿರುವುದನ್ನೆಲ್ಲ ತುಂಬಿಸಿ ಕೊಡುತ್ತೇನೆ.